ಸಂದುಗೊಂದಿಯ ಲೆಕ್ಕ

"ಏಸಿ ಹಾಕ್ಕೋರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಗ್ವಾಡಿಗಿ ಒಂದ್ ತೂತೂ ಹಾಕಬ್ಯಾಡ್ರಿ."

ಕಲಬುರಗಿಯ ನಮ್ಮ ಮನೆ ಮಾಲಕರು ಇಷ್ಟು ಹೇಳಿ ಮೆಟ್ಟಿಲಿಳಿದು ಹೋದರು. ಮಂಗಳೂರಿನಿಂದ ವರ್ಗವಾಗಿ ಬಂದು ಅವರ ಮಹಡಿಯ ಮೇಲೆ ಬಾಡಿಗೆಗೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ. ಏಪ್ರಿಲ್ ಮೊದಲ ವಾರವೇ ಮಧ್ಯಾಹ್ನದ ಉಷ್ಣತೆ 40 ಡಿಗ್ರಿ ಮುಟ್ಟಿತ್ತು. ನೆತ್ತಿಯ ಮೇಲಿನ ಆರ್‌ಸಿಸಿ ಚಾವಣಿ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಹನ್ನೊಂದರ ತನಕ ನಮ್ಮ ಮೇಲೆ ಕಾರುತ್ತಿತ್ತು. ಗೋಡೆಗೆ ತೂತು ಬೇಡ ಎಂದ ಮೇಲೆ ಸ್ಪ್ಲಿಟ್ ಏಸಿಯ ಮಾತು ಅಲ್ಲಿಗೇ ಮುಗಿಯಿತು. ಅದರ ಒಳಗಿನ ಅರ್ಧವನ್ನೂ ಹೊರಗಿನ ಅರ್ಧವನ್ನೂ ಜೋಡಿಸುವ ತಾಮ್ರದ ಕೊಳವೆ ಗೋಡೆ ದಾಟಲೇಬೇಕು. ಉಳಿದದ್ದು ಕಿಟಕಿ ಒಂದೇ.

ಅಳತೆ ಟೇಪು ಹಿಡಿದು ಬಂದ ಏಸಿ ಮಿಸ್ತ್ರಿ, ಇಪ್ಪತ್ತೈದರ ಹುಡುಗ, ಕಿಟಕಿಯ ಗಾಜನ್ನು ಎರಡು ಸಲ ಅತ್ತಿತ್ತ ಸರಿಸಿ ನೋಡಿದ. "ಸರ, ಇದು ಅಡ್ಡ ಸರಿಯೋ ಕಿಡಕಿ ಅದರಿ. ಪೆಟ್ಟಿಗಿ ಏನೋ ಕುಂದ್ರತದ. ಮ್ಯಾಲ ಉಳಿಯೋ ಜಾಗಕ್ಕ ಏನ್ ಮಾಡ್ತೀರಿ?"

ಆ ಪ್ರಶ್ನೆಯ ಬೆನ್ನು ಹತ್ತಿ ನನ್ನ ಬೇಸಿಗೆ ಕಳೆಯಿತು. ಅಂಗಡಿಯವರು ಎಷ್ಟು ಟನ್, ಎಷ್ಟು ಸ್ಟಾರ್ ಎಂದು ಕೇಳುತ್ತಾರೆ. ನಿಮ್ಮದು ಎಂಥ ಕಿಟಕಿ ಎಂದು ಕೇಳಿದವರನ್ನು ನಾನು ಕಂಡಿಲ್ಲ. ವಿಂಡೋ ಏಸಿ ಎಂಬ ಯಂತ್ರದಲ್ಲಿ ಅರ್ಧ ಮಾತ್ರ ಅಂಗಡಿಯಿಂದ ಬರುತ್ತದೆ ಎಂಬುದು ಈಗ ನನ್ನ ಖಚಿತ ಅಭಿಪ್ರಾಯ. ಪೆಟ್ಟಿಗೆಗೂ ಕಿಟಕಿಗೂ ನಡುವೆ ಉಳಿಯುವ ಸಂದು ಅದರ ಇನ್ನರ್ಧ. ಅದನ್ನು ನಾವೇ ಕಟ್ಟಿಕೊಳ್ಳಬೇಕು.

ಈ ಪೆಟ್ಟಿಗೆ ಯಾಕೆ ಅಗಲಕ್ಕೆ ಹರಡಿ, ಎತ್ತರಕ್ಕೆ ಕುಳ್ಳಗಾಗಿದೆ ಎಂದು ಯೋಚಿಸಿದ್ದೀರಾ? ಇದು ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿನ ಹಳೆಯ ಮನೆಗಳ ಕಿಟಕಿ ಮೇಲೆ ಕೆಳಗೆ ಸರಿಯುವಂಥದು. ಕೆಳಗಿನ ಗಾಜಿನ ಚೌಕಟ್ಟನ್ನು ಮೇಲಕ್ಕೆತ್ತಿ, ಪೆಟ್ಟಿಗೆಯನ್ನು ಕಿಟಕಿಯ ದಂಡೆಯ ಮೇಲಿಟ್ಟು, ಚೌಕಟ್ಟನ್ನು ಅದರ ತಲೆಯ ಮೇಲೆ ಇಳಿಸಿದರೆ ಮುಗಿಯಿತು. ಪಕ್ಕಗಳಲ್ಲಿ ಉಳಿಯುವ ಜಾಗಕ್ಕೆ ಹಾರ್ಮೋನಿಯಂ ತಿದಿಯ ಹಾಗೆ ಬಿಚ್ಚಿಕೊಳ್ಳುವ ಪ್ಲಾಸ್ಟಿಕ್ ಮಡಿಕೆಗಳು ಪೆಟ್ಟಿಗೆಯ ಜೊತೆಗೇ ಬರುತ್ತವೆ. ಅಗಲವಾದ, ಗಿಡ್ಡ ಕಂಡಿಗೆ ಅಗಲವಾದ, ಗಿಡ್ಡ ಪೆಟ್ಟಿಗೆ. ಅಡ್ಡ ಸರಿಯುವ ಕಿಟಕಿ ತೆರೆದರೆ ಸಿಗುವುದು ಇದಕ್ಕೆ ತದ್ವಿರುದ್ಧ: ಎತ್ತರವಾದ, ಇಕ್ಕಟ್ಟಾದ ಕಂಡಿ. ಇಂಥ ಕಿಟಕಿಗೆಂದೇ ಪುಸ್ತಕವನ್ನು ನಿಲ್ಲಿಸಿದಂತೆ ಕಾಣುವ ಎತ್ತರದ ಏಸಿಗಳು ಅಮೆರಿಕದಲ್ಲಿ ಸಿಗುತ್ತವೆ, ಆದರೆ ಅಷ್ಟೇ ತಂಪಿಗೆ ಹೆಚ್ಚು ದುಡ್ಡು. ನಮ್ಮ ಅಂಗಡಿಗಳಲ್ಲಿ ಅವನ್ನು ನಾನು ಕಂಡಿಲ್ಲ. ನಮ್ಮಲ್ಲಿ ಮೊದಲಿದ್ದ ಎರಡು ಬಾಗಿಲಿನ ಮರದ ಕಿಟಕಿ ಹೋಗಿ ಅಲ್ಯುಮಿನಿಯಂ ಸ್ಲೈಡಿಂಗ್ ಬಂತು. ಎರಡು ಗಾಜು, ಒಂದು ಸೊಳ್ಳೆ ಜಾಳಿಗೆ, ಮೂರಕ್ಕೂ ಒಂದೊಂದು ಟ್ರ್ಯಾಕ್. ಪೆಟ್ಟಿಗೆ ಮಾತ್ರ ಅಮೆರಿಕದ ಅಜ್ಜಿಮನೆಯ ಕಿಟಕಿಯನ್ನು ಇನ್ನೂ ಮರೆತಿಲ್ಲ.

ನಮ್ಮ ಕಿಟಕಿ ಐದು ಅಡಿ ಅಗಲ, ನಾಲ್ಕು ಅಡಿ ಎತ್ತರ. ಮೂರನ್ನೂ ಎಡಕ್ಕೆ ದೂಡಿದರೆ ಬಲಕ್ಕೆ 70 ಸೆಂ.ಮೀ. ಅಗಲದ, 115 ಸೆಂ.ಮೀ. ಎತ್ತರದ ಕಂಡಿ. ಒಂದೂವರೆ ಟನ್ನಿನ ಪೆಟ್ಟಿಗೆಯ ಅಗಲ 66, ಎತ್ತರ 43. ಅಗಲದಲ್ಲಿ ಉಳಿದದ್ದು ನಾಲ್ಕೇ ನಾಲ್ಕು ಸೆಂಟಿಮೀಟರು, ಎತ್ತರದಲ್ಲಿ 72. ಮಿಸ್ತ್ರಿ ಕೇಳಿದ್ದು ಈ 72ನ್ನು. ನಮ್ಮಿಬ್ಬರಿಗೂ ಹೊಳೆಯದ ಇನ್ನೊಂದು ಸೆಂಟಿಮೀಟರು ಅಲ್ಲೇ ಅಡಗಿತ್ತು. ಅದು ಆಮೇಲೆ.

ಟನ್ ಎಂದಾಗಲೆಲ್ಲ ಮನೆಗೆ ಬಂದವರು ಪೆಟ್ಟಿಗೆಯ ತೂಕ ಎಂದುಕೊಳ್ಳುತ್ತಾರೆ. ಅದು ಮಂಜುಗಡ್ಡೆಯ ಲೆಕ್ಕ. ಒಂದು ಅಮೆರಿಕನ್ ಟನ್, ಅಂದರೆ 907 ಕೆ.ಜಿ. ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಸುತ್ತಲಿನಿಂದ ಎಷ್ಟು ಶಾಖ ಹೀರುತ್ತದೋ ಅಷ್ಟನ್ನು ಹೀರುವ ಯಂತ್ರ ಒಂದು ಟನ್ನಿನದು. ನಮ್ಮ ಲೆಕ್ಕದಲ್ಲಿ 3.5 ಕಿಲೋವ್ಯಾಟ್, ಒಂದೂವರೆ ಟನ್ ಎಂದರೆ 5.3. ತಂಪನ್ನು ಟನ್ನಿನಲ್ಲಿ ಅಳೆಯುವುದು, ತಂಪು ನಿಜವಾಗಿಯೂ ಟನ್ನುಗಟ್ಟಲೆ ಹಡಗಿನಲ್ಲಿ ಬರುತ್ತಿದ್ದ ಕಾಲದ ನೆನಪು. 1833ರಲ್ಲಿ ಬಾಸ್ಟನ್ನಿನ ಫ್ರೆಡ್ರಿಕ್ ಟ್ಯೂಡರ್ ಎಂಬ ವ್ಯಾಪಾರಿ 'ಟಸ್ಕನಿ' ಹಡಗಿನಲ್ಲಿ 180 ಟನ್ ಮಂಜುಗಡ್ಡೆ ತುಂಬಿ ಕಲ್ಕತ್ತಕ್ಕೆ ಕಳಿಸಿದ. ನಾಲ್ಕು ತಿಂಗಳ ಪಯಣ, ಭೂಮಧ್ಯ ರೇಖೆಯನ್ನು ಎರಡು ಸಲ ದಾಟಬೇಕು. ತಲುಪಿದಾಗ ಸುಮಾರು 100 ಟನ್ ಉಳಿದಿತ್ತು! ಮದ್ರಾಸಿನ ಕಡಲ ದಂಡೆಯಲ್ಲಿ ಈ ವ್ಯಾಪಾರಕ್ಕಾಗಿ ಕಟ್ಟಿದ 'ಐಸ್ ಹೌಸ್' ಇವತ್ತಿಗೂ ಇದೆ; ಈಗ ಅದು ವಿವೇಕಾನಂದರ ಹೆಸರಿನ ಸ್ಮಾರಕ. ಟ್ಯೂಡರನ ಬಳಿ ಯಾವ ಯಂತ್ರವೂ ಇರಲಿಲ್ಲ. ಇದ್ದದ್ದು ಮರದ ಹೊಟ್ಟು, ಮತ್ತು ಮಂಜುಗಡ್ಡೆಯ ಚಪ್ಪಡಿಗಳ ನಡುವೆ ಗಾಳಿ ಆಡದಂತೆ ಒತ್ತಿ ಜೋಡಿಸುವ ಜಾಣ್ಮೆ. ಸಂದು ಮುಚ್ಚುವ ಕಸುಬು ಏಸಿಗಿಂತ ಹಳೆಯದು.

ಪೆಟ್ಟಿಗೆಯ ಒಳಗೆ ನಡೆಯುವುದನ್ನು ಬೇಗ ಹೇಳಿಬಿಡುತ್ತೇನೆ. ನಮ್ಮ ಏಸಿಯಲ್ಲಿರುವ ಆರ್-32 ಎಂಬ ಅನಿಲ, ಸಾಮಾನ್ಯ ಒತ್ತಡದಲ್ಲಿ ಸೊನ್ನೆಗಿಂತ 52 ಡಿಗ್ರಿ ಕೆಳಗೇ ಕುದಿದು ಆವಿಯಾಗುತ್ತದೆ. ಕೋಣೆಯ ಕಡೆಗಿನ ಸುರುಳಿಯಲ್ಲಿ ಅದನ್ನು ವಾತಾವರಣದ ಹತ್ತು ಪಟ್ಟು ಒತ್ತಡದಲ್ಲಿ ಇಟ್ಟರೆ 8 ಡಿಗ್ರಿಯ ಸುಮಾರಿಗೆ ಕುದಿಯುತ್ತದೆ. ಕುದಿಯಲು ಬೇಕಾದ ಶಾಖವನ್ನು ಕೋಣೆಯ ಗಾಳಿಯಿಂದ ಕಿತ್ತುಕೊಳ್ಳುತ್ತದೆ. ಕಂಪ್ರೆಸರ್ ಅದೇ ಆವಿಯನ್ನು ವಾತಾವರಣದ ಮೂವತ್ತು ಪಟ್ಟಿಗೂ ಮೀರಿದ ಒತ್ತಡಕ್ಕೆ ಹಿಂಡಿದಾಗ 50 ಡಿಗ್ರಿ ದಾಟಿದ ಬಿಸಿಯಲ್ಲೇ ಮತ್ತೆ ದ್ರವವಾಗುತ್ತದೆ, ಕಿತ್ತುಕೊಂಡ ಶಾಖವನ್ನು ಹೊರಗಿನ ಸುರುಳಿಯಲ್ಲಿ ಬಿಟ್ಟುಕೊಡುತ್ತದೆ. ಹೊರಗೆ 42 ಡಿಗ್ರಿ ಇದ್ದರೂ ಶಾಖ ಹೊರಕ್ಕೇ ಹರಿಯುವುದು ಹೀಗೆ. ಇಳಿಜಾರನ್ನು ನಾವೇ ಮಾಡಿಕೊಟ್ಟಿದ್ದೇವೆ, ಕರೆಂಟು ಸುಟ್ಟು.

ಇಷ್ಟನ್ನು ಶಾಲೆಯ ಪುಸ್ತಕವೂ ಹೇಳುತ್ತದೆ. ಮಿಸ್ತ್ರಿ ಹೇಳಿದ್ದು ಬೇರೆ. ನಾನು ಪೆಟ್ಟಿಗೆಯನ್ನು ಆದಷ್ಟು ಒಳಗೆ ಎಳೆದುಕೊಳ್ಳೋಣ, ಹೊರಗೆ ಬಿದ್ದೀತು ಎಂದೆ. ಅವನು ಪೆಟ್ಟಿಗೆಯ ಪಕ್ಕದಲ್ಲಿರುವ ತಗಡಿನ ಸೀಳುಗಳ ಮೇಲೆ ಕೈಯಿಟ್ಟು, "ಇವು ಅದರ ಮೂಗು ಸರ. ಪೂರ್ತಿ ಹೊರಗ ಬರಬೇಕು" ಎಂದ. ಅವನ ಮಾತು ಅಕ್ಷರಶಃ ನಿಜ. ಹಿಂಭಾಗದ ಫ್ಯಾನು ಗಾಳಿ ಎಳೆದುಕೊಳ್ಳುವುದು ಆ ಪಕ್ಕದ ಸೀಳುಗಳಿಂದ, ಊದುವುದು ಬೆನ್ನಿನಿಂದ. ಸೀಳುಗಳು ಗೋಡೆಯ ದಪ್ಪದೊಳಗೆ ಸಿಕ್ಕಿಕೊಂಡರೆ ಊದಿದ ಬಿಸಿ ಗಾಳಿಯನ್ನೇ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ. ಹೊರಗಿನ ಸುರುಳಿ 52 ಡಿಗ್ರಿಯ ಬದಲು 62ಕ್ಕೆ ಏರಿತು ಎಂದುಕೊಳ್ಳಿ. ಅತ್ಯುತ್ತಮ ಯಂತ್ರವೂ ದಾಟಲಾಗದ ಒಂದು ಮಿತಿಯನ್ನು ಕಾರ್ನೋ ಎಂಬ ಫ್ರೆಂಚ್ ಎಂಜಿನಿಯರ್ 1824ರಲ್ಲೇ ತೋರಿಸಿಕೊಟ್ಟ. ಒಂದು ಪಾಲು ಕರೆಂಟಿಗೆ ಎಷ್ಟು ಪಾಲು ಶಾಖ ಸಾಗಿಸಬಹುದು ಎಂಬ ಆ ಮಿತಿಯೇ ಇಲ್ಲಿ 6.4ರಿಂದ 5.2ಕ್ಕೆ ಕುಸಿಯುತ್ತದೆ. ನಿಜ ಯಂತ್ರ ಈ ಮಿತಿಯ ಅರ್ಧ ಮುಟ್ಟಿದರೆ ಹೆಚ್ಚು. ಅಂತೂ ಐದರಲ್ಲಿ ಒಂದು ಪಾಲು ತಂಪು ಮೂಗು ಕಟ್ಟಿದ್ದಕ್ಕೇ ಹೋಯಿತು, ಎಷ್ಟು ಸ್ಟಾರಿನ ಏಸಿಯಾದರೂ ಸರಿ.

ಮೂಗು ಹೊರಗೆ ಬರಬೇಕು ಎಂದಾದರೆ ಭಾರವೂ ಹೊರಗೆ ಹೋಗುತ್ತದೆ. 50 ಕೆ.ಜಿ. ಮೀರಿದ ಪೆಟ್ಟಿಗೆ, ಅದರ ಕಂಪ್ರೆಸರ್ ಇರುವುದು ಹಿಂಭಾಗದಲ್ಲಿ. ಏತದ ಹಿಂದಿನ ತುದಿಗೆ ಕಟ್ಟಿದ ಕಲ್ಲಿನಂತೆ ಅದು ಇಡೀ ಪೆಟ್ಟಿಗೆಯನ್ನು ಹೊರಕ್ಕೆ ಮಗುಚಲು ಹವಣಿಸುತ್ತಿರುತ್ತದೆ. ಮೇಲೆ ಕೆಳಗೆ ಸರಿಯುವ ಕಿಟಕಿಯಲ್ಲಿ ಇಳಿಸಿದ ಚೌಕಟ್ಟೇ ಪೆಟ್ಟಿಗೆಯ ನೆತ್ತಿಯನ್ನು ಒತ್ತಿ ಹಿಡಿಯುತ್ತದೆ. ಅಡ್ಡ ಕಿಟಕಿಯಲ್ಲಿ ಮೇಲಿನಿಂದ ಹಿಡಿಯುವವರು ಯಾರೂ ಇಲ್ಲ. ಕೆಳಗಿರುವ ಅಲ್ಯುಮಿನಿಯಂ ಟ್ರ್ಯಾಕು ಗಾಜಿನ ಗಾಲಿಗಳು ಉರುಳಲೆಂದು ಮಾಡಿದ ತೆಳು ಹಾಳೆ, ಐವತ್ತು ಕೆ.ಜಿ. ಅದರ ಮೇಲೆ ಕೂತರೆ ಚಪ್ಪಟೆಯಾಗಿ, ಗಾಜು ಮತ್ತೆಂದೂ ಸರಿಯುವುದಿಲ್ಲ. ಭಾರ ಇಳಿಯಬೇಕಾದದ್ದು ಗೋಡೆಯ ದಂಡೆಗೆ.

ವೆಲ್ಡಿಂಗ್ ಅಂಗಡಿಯಲ್ಲಿ ಎಲ್-ಆ್ಯಂಗಲ್ ಕಬ್ಬಿಣದ ಒಂದು ತೊಟ್ಟಿಲು ಮಾಡಿಸಿದೆವು. ಅರ್ಧ ದಂಡೆಯ ಮೇಲೆ, ಅರ್ಧ ಹೊರಗೆ. ಹೊರಗಿನ ಅರ್ಧದಿಂದ ಎರಡು ಓರೆಗಾಲುಗಳು ಕೆಳಗಿಳಿದು ಹೊರಗೋಡೆಗೆ ಒರಗುತ್ತವೆ. ಕಿಟಕಿಯ ಗ್ರಿಲ್ ಅದೃಷ್ಟಕ್ಕೆ ಸ್ಕ್ರೂ ಹಾಕಿ ಕೂರಿಸಿದ್ದು. ಅದನ್ನು ಬಿಚ್ಚಿ ಅಟ್ಟದ ಮೇಲಿಟ್ಟು, ಅದೇ ಸ್ಕ್ರೂ ತೂತುಗಳಿಗೆ ತೊಟ್ಟಿಲನ್ನು ಬಿಗಿದೆವು. ಹೊಸ ತೂತು ಒಂದೂ ಇಲ್ಲ. ಮಾಲಕರು ಕೆಳಗೆ ನಿಂತು ಕತ್ತೆತ್ತಿ ಎಣಿಸಿಕೊಂಡು ಹೋದರು.

ಓರೆಗಾಲು ಗೋಡೆಗೆ ಒರಗುವಲ್ಲಿ, ಪೆಟ್ಟಿಗೆ ತೊಟ್ಟಿಲಿನ ಮೇಲೆ ಕೂರುವಲ್ಲಿ ಮಿಸ್ತ್ರಿ ಹಳೆಯ ಹವಾಯಿ ಚಪ್ಪಲಿಯ ಅಟ್ಟೆ ಕತ್ತರಿಸಿ ಇಟ್ಟ. ನಗಬೇಡಿ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹೋಗಿಬರುತ್ತದೆ; ಕಂಪ್ರೆಸರಿನ ಮೋಟಾರು ಸೆಕೆಂಡಿಗೆ ಐವತ್ತಕ್ಕೆ ತುಸು ಕಡಿಮೆ ಸುತ್ತುತ್ತದೆ. ಆ ನಡುಕ ಕಬ್ಬಿಣದ ಮೂಲಕ ಚೌಕಟ್ಟಿಗೆ ಹರಿದರೆ, ಗಾಲಿಗಳ ಮೇಲೆ ಸಡಿಲವಾಗಿ ನಿಂತ ಗಾಜುಗಳು ಇರುಳಿಡೀ ಹಲ್ಲು ಕಡಿಯುತ್ತವೆ. ಮೆತ್ತನೆಯ ರಬ್ಬರು ಆ ನಡುಕವನ್ನು ತನ್ನೊಳಗೇ ನುಂಗಿಕೊಳ್ಳುತ್ತದೆ.

ಇನ್ನು ಮೇಲಿನ 72 ಸೆಂಟಿಮೀಟರು. ಮನೆಯಲ್ಲಿ ಹೆಚ್ಚು ಚರ್ಚೆಯಾದದ್ದು ಇದರ ಮೇಲೆಯೇ. ನನ್ನ ಹೆಂಡತಿ ಪಾರದರ್ಶಕ ಅಕ್ರಿಲಿಕ್ ಹಾಳೆ ಹಾಕಿ, ಬೆಳಕಾದರೂ ಬರಲಿ ಎಂದಳು. ಮಿಸ್ತ್ರಿ ಥರ್ಮೋಕೋಲ್ ಎಂದ. ಬಡಗಿ ಪ್ಲೈವುಡ್ ಬಿಟ್ಟು ಬೇರೆ ಮಾತೇ ಆಡಲಿಲ್ಲ. ಕೂತು ಲೆಕ್ಕ ಹಾಕಿದೆ: ಒಳಗೆ 26, ಹೊರಗೆ 40 ಇರುವಾಗ ಆ ಅರ್ಧ ಚದರ ಮೀಟರ್ ಹಲಗೆಯ ಮೂಲಕ ಒಳಬರುವ ಶಾಖ, ನಾಲ್ಕು ಮಿಲಿಮೀಟರ್ ಅಕ್ರಿಲಿಕ್ ಆದರೆ 37 ವ್ಯಾಟ್, ಹನ್ನೆರಡರ ಪ್ಲೈವುಡ್ ಆದರೆ 27, ಒಂದಂಗುಲದ ಥರ್ಮೋಕೋಲ್ ಆದರೆ 8. ಯಂತ್ರದ ಶಕ್ತಿ 5,300 ವ್ಯಾಟ್. ಮೂರು ದಿನ ವಾದ ಮಾಡಿದ್ದು ಒಂದು ಸಣ್ಣ ಬಲ್ಬಿನಷ್ಟು ಶಾಖಕ್ಕೆ! ಅದೇ ಹೊತ್ತಿನಲ್ಲಿ ಪಕ್ಕದ ಗಾಜಿನ ಮೇಲೆ ಸಂಜೆ ನಾಲ್ಕರ ಪಡುವಣ ಬಿಸಿಲು ಚದರ ಮೀಟರಿಗೆ 500 ವ್ಯಾಟ್‌ಗೂ ಮೀರಿ ಬೀಳುತ್ತಿತ್ತು, ಅದರ ಬಗ್ಗೆ ಯಾರೂ ತುಟಿ ಬಿಚ್ಚಿರಲಿಲ್ಲ. ಗಾಜಿನ ಹೊರಗೆ ಒಂದು ಬಿದಿರ ತಟ್ಟಿ ಕಟ್ಟಿದೆ. ಒಳಗಿನ ಪರದೆ ಅಷ್ಟು ಕೆಲಸಕ್ಕೆ ಬಾರದು; ಬಿಸಿಲು ಗಾಜು ದಾಟಿ ಬಂದು ಪರದೆಯನ್ನು ಕಾಯಿಸಿದರೆ ಆ ಬಿಸಿ ಕೋಣೆಯದೇ ತಾನೆ. ಹಲಗೆಯಾಗಿ ಪ್ಲೈವುಡ್ಡೇ ಬಂತು, ಬಡಗಿಯ ಹಟಕ್ಕೆ. ಕೋಣೆ ಸ್ವಲ್ಪ ಕತ್ತಲಾಯಿತು.

ಪ್ಲೈವುಡ್ಡಿನ ಅಂಚಿಗೆಲ್ಲ ಫೋಮ್ ಪಟ್ಟಿ ಅಂಟಿಸಿ, ಪೆಟ್ಟಿಗೆಯ ಪಕ್ಕದ ನಾಲ್ಕು ಸೆಂಟಿಮೀಟರಿಗೆ ಮರದ ಬೀಡಿಂಗ್ ಬಡಿದು, ಏಸಿಗೆಂದೇ ಮೀಟರ್ ಬೋರ್ಡಿನಿಂದ ಬೇರೆ ವೈರ್ ಎಳೆಸಿ, 16 ಆ್ಯಂಪಿನ ಪ್ಲಗ್ಗಿಗೆ ಸಿಕ್ಕಿಸಿದೆವು. ಎಕ್ಸ್‌ಟೆನ್ಶನ್ ಬಾಕ್ಸ್ ಮಾತ್ರ ಬೇಡ. ಏಳೆಂಟು ಆ್ಯಂಪ್ ಗಂಟೆಗಟ್ಟಲೆ ಹರಿಯುವಾಗ ಸಡಿಲ ಪಿನ್ನೊಂದು ಸಾಕು, ಪ್ಲಾಸ್ಟಿಕ್ ಕರಗಿ ವಾಸನೆ ಬರಲು. ಗಾಜು ಈಗ ಚಿಲಕಕ್ಕೆ ಸಿಗುವುದಿಲ್ಲವಾದ್ದರಿಂದ ಯಾರೂ ಹೊರಗಿನಿಂದ ಸರಿಸದಂತೆ ಟ್ರ್ಯಾಕಿನಲ್ಲಿ ಪೊರಕೆಯ ಹಿಡಿಕೆಯೊಂದನ್ನು ಅಡ್ಡ ಮಲಗಿಸಿದೆ. ಕೋಣೆ ತಂಪಾಯಿತು. ಮಿಸ್ತ್ರಿಗೆ ಚಹಾ ಕೊಟ್ಟು ಕಳಿಸಿದೆವು.

ಆ ರಾತ್ರಿ ಸೊಳ್ಳೆ ಬಂದವು.

ಒಂದೆರಡಲ್ಲ. ಬಾಗಿಲು ಹಾಕಿದೆ, ಜಾಳಿಗೆ ಇದೆ, ಹಲಗೆಯ ಸುತ್ತ ಫೋಮ್ ಇದೆ. ಆದರೂ ಎಲ್ಲಿಂದಲೋ ಬರುತ್ತಿವೆ. ಸೊಳ್ಳೆ ನುಗ್ಗುವಲ್ಲಿ ಗಾಳಿ ನುಗ್ಗದೇ ಇದ್ದೀತೆ? ದೇವರ ಗೂಡಿನಿಂದ ಒಂದು ಊದಿನಕಡ್ಡಿ ತಂದು ಹಚ್ಚಿ ಕಿಟಕಿಯ ಅಂಚಿನಗುಂಟ ಮೆಲ್ಲಗೆ ಸಾಗಿಸಿದೆ. ಹಲಗೆಯ ಸುತ್ತ ಹೊಗೆ ನೆಟ್ಟಗೆ ಏರುತ್ತಿತ್ತು. ಎಡಕ್ಕೆ ದೂಡಿದ ಗಾಜುಗಳ ಬಳಿ ಬಂದಾಗ ಅದಕ್ಕೆ ಭೂತ ಹೊಕ್ಕಂತಾಯಿತು.

ಅಡ್ಡ ಸರಿಯುವ ಕಿಟಕಿಯ ಗುಟ್ಟು ಇರುವುದು ಇಲ್ಲಿ. ಕಿಟಕಿ ಮುಚ್ಚಿದಾಗ ನಡುವೆ ಎರಡು ಗಾಜುಗಳ ಚೌಕಟ್ಟಿನ ಅಂಚುಗಳು ಕೊಕ್ಕೆಗೆ ಕೊಕ್ಕೆ ಸಿಕ್ಕಿದಂತೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಒಂದನ್ನು ಸರಿಸಿದ ಕ್ಷಣ ಆ ಹಿಡಿತ ಬಿಡುತ್ತದೆ. ಎರಡೂ ಗಾಜು ಬೇರೆ ಬೇರೆ ಟ್ರ್ಯಾಕಿನಲ್ಲಿರುವುದರಿಂದ ಅವುಗಳ ನಡುವೆ ಮೇಲಿನಿಂದ ಕೆಳಗಿನ ತನಕ ಒಂದು ಸೆಂಟಿಮೀಟರಿನ ಪೊಳ್ಳು. ಹೊರಗಿನ ಗಾಳಿ ಒಂದು ಅಂಚಿನಿಂದ ಆ ಪೊಳ್ಳಿಗೆ ನುಗ್ಗಿ ಇನ್ನೊಂದು ಅಂಚಿನಿಂದ ಕೋಣೆಗೆ ಇಳಿಯುತ್ತದೆ. ಮುಂದೆ ನಿಂತು ನೋಡಿದರೆ ಗಾಜಿನ ಹಿಂದೆ ಗಾಜು, ಎಲ್ಲ ಮುಚ್ಚಿದಂತೆಯೇ ಕಾಣುತ್ತದೆ. ಒಂದು ಸೆಂಟಿಮೀಟರನ್ನು 115ರಿಂದ ಗುಣಿಸಿ: ಅಂಗೈಯಗಲದ ತೂತು. ಗೋಡೆಗೆ ಅಷ್ಟು ದೊಡ್ಡ ತೂತು ಕೊರೆದಿದ್ದರೆ ಮಾಲಕರು ಅಂದೇ ಮನೆ ಬಿಡಿಸುತ್ತಿದ್ದರು.

ಊದಿನಕಡ್ಡಿ ಇನ್ನೂ ಒಂದು ವಿಷಯ ಹೇಳಿತು. ಸಂದಿನ ಬುಡದಲ್ಲಿ ಹಿಡಿದರೆ ಹೊಗೆ ಸಂದಿನೊಳಕ್ಕೆ ಎಳೆದುಕೊಂಡು ಹೋಗುತ್ತಿತ್ತು. ತುದಿಯಲ್ಲಿ ಹಿಡಿದರೆ ನನ್ನ ಮುಖದ ಕಡೆಗೆ ಬರುತ್ತಿತ್ತು. ನಡುವಿನ ಒಂದು ಎತ್ತರದಲ್ಲಿ ಏನೂ ಆಗದೆ ನೆಟ್ಟಗೆ ನಿಲ್ಲುತ್ತಿತ್ತು. ತಂಪು ಗಾಳಿ ಭಾರ. ಅದು ತಳಕ್ಕೆ ಇಳಿದು ಬುಡದಿಂದ ಹೊರಕ್ಕೆ ಸೋರುತ್ತದೆ. ಬರಿದಾದ ಜಾಗಕ್ಕೆ ಬೀದಿಯ ಬಿಸಿ ಗಾಳಿ ತುದಿಯಿಂದ ಒಳಕ್ಕೆ. ಸಂದು ಅಡ್ಡಲಾಗಿ ಮಲಗಿದ್ದರೆ ಈ ಆಟಕ್ಕೆ ಎತ್ತರವೇ ಸಿಗುತ್ತಿರಲಿಲ್ಲ. ಮೇಲೆ ಕೆಳಗೆ ಸರಿಯುವ ಕಿಟಕಿಯಲ್ಲೂ ಎರಡು ಗಾಜುಗಳ ನಡುವೆ ಇಂಥದೇ ಪೊಳ್ಳಿದೆ, ಆದರೆ ಅದರ ಬಾಯಿ ಅಡ್ಡಕ್ಕಿದೆ. ಅಲ್ಲಿನ ಏಸಿಗಳ ಜೊತೆಗೆ ಅದನ್ನು ಮುಚ್ಚಲೆಂದೇ ಒಂದು ಫೋಮ್ ಪಟ್ಟಿಯನ್ನೂ ಕೊಡುತ್ತಾರೆ. ನಮ್ಮ ಸಂದು ನಿಂತ ಸಂದು. ಗಾಳಿ ಬೀಸದ ರಾತ್ರಿಯಲ್ಲೂ ಅದು ತನ್ನಷ್ಟಕ್ಕೆ ಉಸಿರಾಡುತ್ತಿರುತ್ತದೆ.

ಹೊರಗೆ ಸಣ್ಣ ಗಾಳಿ ಬೀಸುತ್ತಿದ್ದರೆ ಅಷ್ಟು ಅಗಲದ ಸಂದಿನಲ್ಲಿ ಗಂಟೆಗೆ ಸುಮಾರು 50 ಘನ ಮೀಟರ್ ಗಾಳಿ ಹಾಯುತ್ತದೆ. ಕಲಬುರಗಿಯ 40 ಡಿಗ್ರಿಯಿಂದ ಕೋಣೆಯ 26ಕ್ಕೆ ಅದನ್ನು ಇಳಿಸಲು ಬೇಕಾದದ್ದು 220 ವ್ಯಾಟ್‌ನಷ್ಟು ತಂಪು. ಮೂರು ದಿನ ಜಗಳವಾಡಿದ ಹಲಗೆಯ ಎಂಟು ಪಟ್ಟು.

ಮಂಗಳೂರಿನ ಅಕ್ಕನಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಅವಳ ಮನೆಯಲ್ಲೂ ಇಂಥದೇ ಕಿಟಕಿ, ಇಂಥದೇ ಪೆಟ್ಟಿಗೆ. "ನಮ್ಮಲ್ಲಿ ಮೂವತ್ತೇ ಡಿಗ್ರಿ ಮಾರಾಯ, ನಮಗೆ ಅಷ್ಟು ನಷ್ಟ ಇರಲಿಕ್ಕಿಲ್ಲ" ಎಂದಳು. ನಾನೂ ಹೌದೆಂದೆ. ಆಮೇಲೆ ಲೆಕ್ಕ ಮಾಡಿ ನೋಡಿದರೆ ಅವಳ ಸಂದು ನನ್ನ ಸಂದಿಗಿಂತ ದುಬಾರಿ, ಅದೂ ಎರಡು ಪಟ್ಟು.

ಕಾರಣ ನೀರು. ಕಲಬುರಗಿಯಲ್ಲಿ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇ. 20 ಎಂದಿಟ್ಟುಕೊಂಡರೆ ಒಂದು ಕೆ.ಜಿ. ಗಾಳಿಯಲ್ಲಿರುವ ನೀರಾವಿ ಒಂಬತ್ತು ಹತ್ತು ಗ್ರಾಂ. ಮಂಗಳೂರಿನಲ್ಲಿ 30 ಡಿಗ್ರಿ, ಶೇ. 75, ಅಲ್ಲಿ ಅದೇ ಒಂದು ಕೆ.ಜಿ.ಯಲ್ಲಿ 20 ಗ್ರಾಂ. ಕೋಣೆಯನ್ನು ಹಿತವಾಗಿಡಲು ಯಂತ್ರ ಅದರಲ್ಲಿ ಅರ್ಧದಷ್ಟನ್ನು ಹಿಂಡಿ ತೆಗೆಯಬೇಕು. ಆವಿಯನ್ನು ನೀರಾಗಿಸುವುದೆಂದರೆ ಅದರೊಳಗೆ ಅಡಗಿ ಕೂತ ಶಾಖವನ್ನು, ವಿಜ್ಞಾನದ ಮೇಷ್ಟ್ರು ಗುಪ್ತೋಷ್ಣ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದರಲ್ಲ ಅದನ್ನು, ಹೊರಗೆ ಸಾಗಿಸುವುದು. ಒಂದು ಗ್ರಾಂ ನೀರಿನ ಹಿಂದೆ ಸುಮಾರು 2,400 ಜೂಲ್. ಗಂಟೆಗೆ 50 ಘನ ಮೀಟರ್ ಸೋರಿದರೆ ಮಂಗಳೂರಿನಲ್ಲಿ ಆಗುವ ನಷ್ಟ 450 ವ್ಯಾಟ್ ಆಸುಪಾಸು. ಉಷ್ಣಮಾಪಕ ತೋರಿಸುವುದು ಅದರ ಸಣ್ಣ ಪಾಲನ್ನು ಮಾತ್ರ. ಅಕ್ಕ ನಂಬಲಿಲ್ಲ. ಅವಳ ಏಸಿಯ ಕೆಳಗಿನ ಬಕೆಟ್ಟನ್ನು ಅವಳೇ ದಿನಕ್ಕೆರಡು ಸಲ ಚೆಲ್ಲುತ್ತಾಳೆ ಎಂಬುದನ್ನು ನೆನಪಿಸಿದೆ.

ಕಲಬುರಗಿಯವರಿಗೆ ಬೇರೊಂದು ತೊಡಕು ಇದೆ, ಅದು ಅಭ್ಯಾಸದ್ದು. ಇದು ಕೂಲರಿನ ನಾಡು. ಒಣ ಹವೆಯಲ್ಲಿ ಒದ್ದೆ ಹುಲ್ಲಿನ ಮೂಲಕ ಗಾಳಿ ಹಾಯಿಸಿದರೆ 40 ಡಿಗ್ರಿಯ ಗಾಳಿ 25ರ ಹತ್ತಿರಕ್ಕೆ ಇಳಿಯುತ್ತದೆ, ಏಸಿಯ ಎಷ್ಟೋ ಪಾಲು ಕಡಿಮೆ ಕರೆಂಟಿನಲ್ಲಿ. ಆದರೆ ಕೂಲರ್ ಗಾಳಿಗೆ ನೀರು ಬೆರೆಸುತ್ತಲೇ ಇರುತ್ತದೆ. ಆ ಗಾಳಿ ಹೊರಹೋಗಲು ಎದುರಿಗೆ ಕಿಟಕಿ ತೆರೆದಿರಲೇಬೇಕು, ಇಲ್ಲವಾದರೆ ಕೋಣೆ ಬಚ್ಚಲಾಗುತ್ತದೆ. ಈ ನಿಯಮ ಇಲ್ಲಿನವರ ಕೈಗೆ ರೂಢಿಯಾಗಿಬಿಟ್ಟಿದೆ. ನಮ್ಮ ಮನೆಗೆ ಬಂದವರೆಲ್ಲ ಏಸಿ ಕಂಡು ಸಂತೋಷಪಟ್ಟು, "ಗಾಳಿ ಆಡ್ಲಿ" ಎಂದು ಬಾಗಿಲನ್ನು ಸ್ವಲ್ಪ ತೆರೆದಿಟ್ಟು ಕೂರುತ್ತಿದ್ದರು. ಅವರು ತಪ್ಪು ಮಾಡುತ್ತಿರಲಿಲ್ಲ. ಬೇರೆ ಯಂತ್ರದ ವಿಜ್ಞಾನವನ್ನು ಸರಿಯಾಗಿಯೇ ಪಾಲಿಸುತ್ತಿದ್ದರು.

ಅಕ್ಕನ ಮಗಳು ಇರುವುದು ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ. ಅಲ್ಲಿನ ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಅಡ್ಡ ಸರಿಯುವ ಕಿಟಕಿ ತೀರ ಸಾಮಾನ್ಯ, ಎಷ್ಟೋ ಮನೆಗಳಿಗೆ ಏಸಿಯೇ ಇಲ್ಲ. ಬೇಸಿಗೆ ಹಿತವಾಗಿರುವ ಊರು ಎಂಬ ನಂಬಿಕೆಯಲ್ಲಿ ಕಟ್ಟಿದವು. 2022ರ ಸೆಪ್ಟೆಂಬರ್ 6ರಂದು ಆ ಊರಿನಲ್ಲಿ 109 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 42.8 ಡಿಗ್ರಿ. ಕಿಟಕಿಯಿಂದ ಏನೂ ಹೊರಗೆ ಚಾಚಬಾರದು ಎಂಬುದು ಅವಳ ಕಟ್ಟಡದ ನಿಯಮ. ಹಾಗಾಗಿ ಗಾಲಿಗಳ ಮೇಲೆ ಕೋಣೆಯ ಒಳಗೇ ನಿಲ್ಲುವ ಪೋರ್ಟಬಲ್ ಏಸಿ ತಂದಳು. ಅದರ ಬೆನ್ನಿನಿಂದ ಆನೆ ಸೊಂಡಿಲಿನಂಥ ಕೊಳವೆಯೊಂದು ಹೊರಟು, ಕಿಟಕಿಯ ಸಂದಿನಲ್ಲಿ ನಿಲ್ಲಿಸಿದ ಉದ್ದನೆಯ ಪ್ಲಾಸ್ಟಿಕ್ ಪಟ್ಟಿಯ ತೂತಿನಲ್ಲಿ ಬಾಯಿ ಬಿಡುತ್ತದೆ. ಪಟ್ಟಿಯನ್ನು ಅಡ್ಡ ಮಲಗಿಸಿದರೆ ಮೇಲೆ ಕೆಳಗೆ ಸರಿಯುವ ಕಿಟಕಿಗೆ, ನಿಲ್ಲಿಸಿದರೆ ಅಡ್ಡ ಸರಿಯುವ ಕಿಟಕಿಗೆ. ಹೊಂದಿಕೆಯ ಮಟ್ಟಿಗೆ ಹೇಳುವುದಾದರೆ ಇದಕ್ಕಿಂತ ಸುಲಭದ್ದು ಇಲ್ಲ.

"ಮಾಮ, ಇದು ತಂಪೇ ಆಗ್ತಾ ಇಲ್ಲ" ಎಂದು ವಿಡಿಯೋ ಕರೆ ಮಾಡಿದಳು. ಊದಿನಕಡ್ಡಿ ಹಚ್ಚಿ ಬಾಗಿಲಿನ ಕೆಳಗೆ ಹಿಡಿ ಎಂದೆ. ಹೊಗೆ ಬಾಗಿಲಿನಿಂದ ಕೋಣೆಯೊಳಕ್ಕೆ ಬಾಣದಂತೆ ನುಗ್ಗಿತು. ವಿಂಡೋ ಏಸಿ ಹೊರಗಿನ ಸುರುಳಿಯನ್ನು ಹೊರಗಿನ ಗಾಳಿಯಿಂದಲೇ ತಣಿಸುತ್ತದೆ, ಒಳಗಿನ ಗಾಳಿಯ ತಂಟೆಗೆ ಹೋಗುವುದಿಲ್ಲ. ಒಂದೇ ಸೊಂಡಿಲಿನ ಪೋರ್ಟಬಲ್ ಹಾಗಲ್ಲ. ತಾನು ತಂಪು ಮಾಡಿದ ಕೋಣೆಯ ಗಾಳಿಯನ್ನೇ ಎಳೆದು, ಬಿಸಿ ಸುರುಳಿಯ ಮೇಲೆ ಹಾಯಿಸಿ, ಬೀದಿಗೆ ಊದಿಬಿಡುತ್ತದೆ. ಗಂಟೆಗೆ 350 ಘನ ಮೀಟರ್ ಹಾಗೆ ಹೊರಗೆ ಹೋದರೆ ಅಷ್ಟೇ ಗಾಳಿ ಬಾಗಿಲಿನ ಕೆಳಗಿನಿಂದ, ಸಿಂಕಿನ ಪಕ್ಕದಿಂದ, ಮೇಲಿನ ಮನೆಯ ಕೊಳವೆಯ ಸುತ್ತಲಿನಿಂದ ಒಳಗೆ ಬರಲೇಬೇಕು. 40 ಡಿಗ್ರಿಯಲ್ಲಿ ಅದು ಹೊತ್ತು ತರುವ ಶಾಖ ಒಂದೂವರೆ ಕಿಲೋವ್ಯಾಟ್. ಒಂದು ಟನ್ ಎಂದು ಕೊಂಡದ್ದರಲ್ಲಿ ಅರ್ಧಕ್ಕೆ ಹತ್ತಿರ ಇಲ್ಲೇ ಹೋಯಿತು. ಸೊಂಡಿಲು ಬೇರೆ ಕಾದು ನೂರು ವ್ಯಾಟಿನ ಹಳೆಯ ಬಲ್ಬಿನಷ್ಟು ಶಾಖವನ್ನು ಕೋಣೆಗೇ ಬಿಡುತ್ತಿರುತ್ತದೆ. ಈಗ ಅಮೆರಿಕದಲ್ಲಿ ಇವುಗಳ ಪೆಟ್ಟಿಗೆಯ ಮೇಲೆ ಎರಡು ಅಂಕಿ ಇರುತ್ತವೆ, ಹಳೆಯ ವಿಧಾನದ್ದು ದೊಡ್ಡದು, ಈ ಸೋರಿಕೆಯನ್ನೆಲ್ಲ ಕಳೆದದ್ದು ಚಿಕ್ಕದು. ದೊಡ್ಡದು ದೊಡ್ಡ ಅಕ್ಷರದಲ್ಲಿ. ಎರಡು ಸೊಂಡಿಲಿನ ಯಂತ್ರ ಒಂದರಿಂದ ಹೊರಗಿನ ಗಾಳಿ ಎಳೆದು ಇನ್ನೊಂದರಿಂದ ಬಿಡುತ್ತದೆ. ಅಡ್ಡ ಕಿಟಕಿಗೆ ಪೆಟ್ಟಿಗೆ ಕೂರಿಸಲಾಗದವರು ಅದನ್ನು ನೋಡಬಹುದು. ಅವಳು ಸೊಂಡಿಲಿಗೆ ಹಳೆಯ ಕಂಬಳಿ ಸುತ್ತಿ ಆ ವಾರ ದಾಟಿಸಿದಳು.

ನಾನು ನನ್ನ ಗಾಜುಗಳ ನಡುವಿನ ಪೊಳ್ಳಿಗೆ ಹಳೆಯ ಹಾಸಿಗೆಯ ಫೋಮನ್ನು ಉದ್ದಕ್ಕೆ ಸೀಳಿ ತುರುಕಿದೆ. ಸೊಳ್ಳೆ ನಿಂತವು, ಊದಿನಕಡ್ಡಿ ಮಾತ್ರ ಇನ್ನೂ ಒಪ್ಪಲಿಲ್ಲ. ಹಾಸಿಗೆಯ ಫೋಮಿನ ಗುಳ್ಳೆಗಳು ಒಂದಕ್ಕೊಂದು ತೆರೆದುಕೊಂಡಿರುತ್ತವೆ, ಗಾಳಿ ನುಸುಳಿಕೊಂಡು ಬರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಹಿಂಡಿದರೆ ನೀರು ಕುಡಿಯದ ಕಪ್ಪು ಫೋಮಿನ ಪಟ್ಟಿ ಹಾಕಿದ ಮೇಲೆ ಹೊಗೆ ಎಲ್ಲ ಕಡೆ ನೆಟ್ಟಗೆ ನಿಂತಿತು. ಕಂಪ್ರೆಸರ್ ಅದುವರೆಗೆ ಇರುಳಿಡೀ ಬಿಡುವಿಲ್ಲದೆ ಗುಂಯ್‌ಗುಡುತ್ತಿದ್ದದ್ದು ಈಗ ನಡುನಡುವೆ ಆರಿ ಸುಮ್ಮನಾಗತೊಡಗಿತು. ಆ ಮೌನ ಕೇಳಿ ಮೊದಲ ರಾತ್ರಿ ಕರೆಂಟು ಹೋಯಿತೆಂದು ಎದ್ದು ಕೂತಿದ್ದೆ.

ಉಳಿದದ್ದು ಒಂದೇ, ಪೆಟ್ಟಿಗೆಯ ವಾಟ. ಮಿಸ್ತ್ರಿ ಅದನ್ನು ಹೊರಕ್ಕೆ ಬೆರಳಿನಷ್ಟು ತಗ್ಗಿಸಿ ಕೂರಿಸಿದ್ದ, ಒಳಗಿನ ಸುರುಳಿಯ ಮೇಲೆ ಕಟ್ಟುವ ನೀರು ಹಿಂದಿನ ತಟ್ಟೆಗೆ ಹರಿಯಲೆಂದು. ಆದರೆ ಏಪ್ರಿಲ್ ಮುಗಿದು ಮೇ ಬಂದರೂ ಒಂದು ಹನಿ ಕೆಳಗೆ ಬಿದ್ದದ್ದನ್ನು ನಾನು ಕಾಣಲಿಲ್ಲ. ಮಂಗಳೂರಿನವನಾದ ನನಗೆ ಗುಮಾನಿ ಬಂದು ಅವನನ್ನು ಕರೆಸಿದೆ. ಹಿಂಭಾಗದ ಫ್ಯಾನಿನ ರೆಕ್ಕೆಗಳ ತುದಿಯಲ್ಲಿ ಒಂದು ಬಳೆ ಇದೆ, ಅದು ತಟ್ಟೆಯ ನೀರನ್ನು ಎತ್ತಿ ಬಿಸಿ ಸುರುಳಿಗೆ ಎರಚುತ್ತದೆ ಎಂದು ಟಾರ್ಚ್ ಹಾಕಿ ತೋರಿಸಿದ. ನೀರು ಆರುವಾಗ ಸುರುಳಿಯೂ ತಣಿಯುತ್ತದೆ, ಪುಕ್ಕಟೆ. ಕಲಬುರಗಿಯ ಒಣ ಬೇಸಿಗೆಯಲ್ಲಿ ಗಾಳಿಯ ಇಬ್ಬನಿ ಬಿಂದು 13 ಡಿಗ್ರಿಯ ಸುಮಾರು. ಸುರುಳಿ 8ರಲ್ಲಿದ್ದರೂ ಕಟ್ಟುವ ನೀರು ಅಷ್ಟಕ್ಕಷ್ಟೆ. ಕಟ್ಟಿದ್ದೆಲ್ಲ ಆ ಬಳೆಗೇ ಸಾಲುತ್ತಿರಲಿಲ್ಲ.

ಮೇ ಕೊನೆಯ ವಾರ ಒಂದು ರಾತ್ರಿ ಕೆಳಗಿನ ತಗಡಿನ ಮೇಲೆ ಟಪ್, ಟಪ್ ಎಂದು ಸದ್ದು. ಬೆಳಿಗ್ಗೆ ಮಾಲಕರು ಮೆಟ್ಟಿಲಲ್ಲೇ ಹಿಡಿದರು. "ನಿಮ್ಮ ಪೆಟ್ಟಿಗಿ ಸೋರಲಾಕತ್ತದ ನೋಡ್ರಿ."

ಅವರ ಜೊತೆ ಅಂಗಳಕ್ಕೆ ಇಳಿದೆ. ಆಕಾಶದಲ್ಲಿ ಬೊಗಸೆಯಷ್ಟೂ ಮೋಡ ಇರಲಿಲ್ಲ, ಬಿಸಿಲು ಹಿಂದಿನ ದಿನದಷ್ಟೇ ಇತ್ತು. ಗಾಳಿ ಮಾತ್ರ ರಾತ್ರೋರಾತ್ರಿ ಬೇರೆ ಕಡಲಿನಿಂದ ಬಂದದ್ದಾಗಿತ್ತು. ಬಳೆ ಎರಚಿ ಮುಗಿಸಲಾರದಷ್ಟು ನೀರು ತಟ್ಟೆ ತುಂಬಿ ಹೊರಚೆಲ್ಲುತ್ತಿತ್ತು. ತಗಡಿನ ಕೆಳಗೆ ಬಕೆಟ್ ಇಟ್ಟೆವು. ಮರುದಿನ ಬೆಳಗಾಗುವಾಗ ಅದು ಅರ್ಧ ತುಂಬಿತ್ತು. ಮಾಲಕರು ಅದನ್ನೆತ್ತಿ ಕರಿಬೇವಿನ ಗಿಡದ ಬುಡಕ್ಕೆ ಸುರಿದು, ಖಾಲಿ ಬಕೆಟ್ಟನ್ನು ಮತ್ತೆ ಅಲ್ಲೇ ಇಟ್ಟರು. ಮಳೆ ಬಂದದ್ದು ಒಂಬತ್ತನೆಯ ದಿನ.